ಮಹಾನಂದಾಳ ದವಡೆ ಹಲ್ಲು

ಜಿಗಣಿಯ ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ನಾನಾದರೂ, ಮೇಸ್ತ್ರಿ ಮಾತ್ರ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಮಹಾನಂದಾ. ಅವಳ ಒಡೆದ ದವಡೆ ಹಲ್ಲನ್ನು ಕೀಳೋಣವೆಂದರೆ ಕುರ್ಚಿಯಿಂದ ಎದ್ದೇಬಿಡುತ್ತಾಳೆ. 'ತಳಕ್ಕ ಕಚ್ಚಿ ಹಿಡಿಯೂ ಸಿಮೆಂಟ್ ಹಾಕ್ರಿ, ಮ್ಯಾಲ ಖಡಕ್ ರೊಟ್ಟಿಗೆ ತಡಿಯೂ ಬಿಳೇ ಫಿಲ್ಲಿಂಗ್ ಹಾಕ್ರಿ. ಒಂದ ನಮೂನಿ ಮಾಲಿನಾಗ ಮನಿ ಕಟ್ಟತಾರೇನ್ರಿ?' ಎಂದು ನನಗೇ ಪಾಠ. ನನ್ನ ಪುಸ್ತಕವೂ ಅದನ್ನೇ ಹೇಳುವುದರಿಂದ ಬಾಯಿ ಮುಚ್ಚಿಕೊಂಡು ಎರಡನ್ನೂ ತುಂಬುತ್ತೇನೆ. ತುಂಬಿದ ಮೇಲೆ, ಟೈಲ್ಸ್ ತಟ್ಟಿ ನೋಡುವವರಂತೆ ಉಗುರಿನಿಂದ ಹಲ್ಲು ತಟ್ಟಿ, ಪೊಳ್ಳು ಸದ್ದು ಬರುತ್ತದೆಯೇ ಎಂದು ಕಿವಿಗೊಡುತ್ತಾಳೆ. ಮೊನ್ನೆ ಮೂರನೆಯ ಸಲ ಫಿಲ್ಲಿಂಗ್ ಉದುರಿದಾಗ, 'ಇಷ್ಟೊಂದು ಹಟ ಯಾಕಮ್ಮಾ? ತೆಗೆಸ್ಬಿಡು' ಎಂದೆ. 'ಹೊಡದು ಹಲ್ಲು ಮುರದ ಗಂಡನ್ನ ಬಿಟ್ಟ ಬಂದೀನ್ರಿ ಮೇಡಂ, ಹಲ್ಲು ಬಿಡಂಗಿಲ್ಲ' ಎಂದು ಬಾಯಿ ತೆರೆದಳು.