ಅವ್ವನನ್ನು ಕೆಳಗಿಳಿಸಿದ ವೆಲ್ಡಿಂಗ್ ಮಿಸ್ತ್ರಿ

ಹಾರೂಗೇರಿಯ ಆ ಮಿಸ್ತ್ರಿ ಕಬ್ಬಿನ ಟ್ರೇಲರ್‌ಗಳಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಮನೆಮಂದಿಯೆಲ್ಲ ಕೊಂಕಣದ ಸಮುದ್ರ ನೋಡಿಬರಲೆಂದು, ಜೀಪಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಗಾಡಿಮನೆಯೊಂದನ್ನು ಅವರಿಂದ ಮಾಡಿಸಿದೆ. ಒಳಗೆ ಎರಡು ಮಂಚ, ಒಂದು ಸ್ಟೋವ್. ನಾನು ಅವಸರ ಮಾಡಿದಾಗಲೆಲ್ಲ ಅವರು ಕನ್ನಡಕವನ್ನು ಹಣೆಗೇರಿಸಿ, "ತಡೀರಿ, ಇನ್ನೊಮ್ಮೆ ನೋಡೂಣು" ಎನ್ನುತ್ತಿದ್ದರು.

ಹೊರಡುವ ದಿನ ಗಾಡಿಯನ್ನು ಜೀಪಿಗೆ ಕಟ್ಟಲು ಅವರೇ ಮನೆಗೆ ಬಂದರು. ಮೊಣಕಾಲು ನೋವಿನ ಅವ್ವ ಆಗಲೇ ಗಾಡಿಮನೆಯ ಮಂಚದ ಮೇಲೆ ಮಲಗಿದ್ದಳು.

"ಅವ್ವಾರ, ಇಳೀರಿ. ನಿಂತಾಗ ಅಷ್ಟ ಇದು ಮನಿ. ಓಡುವಾಗ ಇದರಾಗ ಯಾರೂ ಕುಂಡ್ರಬಾರದು."

"ಜೀಪಿನ್ಯಾಗ ಕಾಲ ಚಾಚಾಕ ಜಾಗಾ ಎಲ್ಲೈತೋ ತಮ್ಮಾ?" ಎಂದು ಅವ್ವ ಸಿಡುಕಿದಳು.

ಅವರು ಜಗ್ಗಲಿಲ್ಲ. ಕೈಹಿಡಿದು ಇಳಿಸಿ, ಬಾಗಿಲಿಗೆ ಬೀಗ ಹಾಕಿ ಚಾವಿಯನ್ನು ನನಗೆ ಕೊಟ್ಟರು. ದಾರಿಯುದ್ದಕ್ಕೂ ಅವ್ವ ಅವರನ್ನು ಬೈದಳು.

ಘಟ್ಟದ ಏರಿನಲ್ಲಿ, ಗಾಡಿಮನೆಯನ್ನು ಜೀಪಿಗೆ ಜೋಡಿಸಿದ್ದ ಕೊಂಡಿ ಮುರಿಯಿತು. ಗಾಡಿಮನೆ ಹಿಂದಕ್ಕೆ ಉರುಳಿ, ಬಂಡೆಗೆ ಬಡಿದು ನುಜ್ಜುಗುಜ್ಜಾಯಿತು. ಜೀಪಿನಲ್ಲಿದ್ದ ನಾವೆಲ್ಲ ಉಳಿದೆವು. ಅವ್ವ ನನ್ನ ತೋಳನ್ನು ಬಹಳ ಹೊತ್ತು ಬಿಡಲಿಲ್ಲ.

ಮರಳಿ ಬಂದು ಮುರಿದ ಕೊಂಡಿಯನ್ನು ಮಿಸ್ತ್ರಿಗೆ ತೋರಿಸಿದೆವು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮಿಸ್ತ್ರಿ ಅವರೆಲ್ಲರ ಎದುರಿಗೇ, "ವೆಲ್ಡಿಂಗ್ ಬಿಟ್ಟೈತ್ರಿ. ತಪ್ಪು ನಂದ" ಎಂದರು.

ಅವ್ವ ಕುಂಟುತ್ತ ಬಂದು ಅವರ ತಲೆಯ ಮೇಲೆ ಕೈಯಿಟ್ಟಳು.

"ನೀ ಇಳಿಸಿದಿ ಅಂತ ನಾ ಇವತ್ತ ಇಲ್ಲಿ ನಿಂತೇನಪಾ. ಹೊಸಾ ಗಾಡೀನೂ ನೀನ ಮಾಡಿಕೊಡು."