ಕಪ್ಪು ಪಟ್ಟಿ ಧರಿಸಿದವರ ಮುಂದೆ ನಗೆ ಭಾಷಣ

ಕಳೆದ ತಿಂಗಳು ನಾನು, ಯಾರೂ ಸಾಯದಿದ್ದರೂ, ಒಂದು ನಿಮಿಷ ಮೌನಾಚರಣೆ ಮಾಡಿಸಿದೆ.

ಶ್ರೀಧರ್ ಎಂಬುವವರು ಫೋನ್ ಮಾಡಿದ್ದರು. ವಿಮಾನ ನಿಲ್ದಾಣಗಳನ್ನು ನಡೆಸುವ ಸಂಸ್ಥೆಯೊಂದರಲ್ಲಿ ಎಚ್.ಆರ್. ಅಧಿಕಾರಿ. 'ಸಾರ್, ನಮ್ಮ ಏರ್ ಟ್ರಾಫಿಕ್ ಕಂಟ್ರೋಲರ್‌ಗಳಿಗೆ ಮೈಸೂರಲ್ಲಿ ಒಂದು ವರ್ಕ್‌ಶಾಪ್ ಇಟ್ಕೊಂಡಿದೀವಿ. ಬೇರೆ ಬೇರೆ ಊರಿಂದ ಬರ್ತಾರೆ. ಒತ್ತಡ ನಿವಾರಣೆ ಬಗ್ಗೆ ನೀವು ಮಾತಾಡ್ಬೇಕು. ಸ್ವಲ್ಪ ನಗಿಸಿಬಿಟ್ರೆ ಸಾಕು.'

ಕಂಟ್ರೋಲರ್‌ಗಳು ಗೊತ್ತಲ್ಲ? ಟವರ್‌ನಲ್ಲಿ ಕುಳಿತು, ಯಾವ ವಿಮಾನ ಯಾವಾಗ ಏರಬೇಕು, ಯಾವುದು ಮೊದಲು ಇಳಿಯಬೇಕು ಎಂದು ಪೈಲಟ್‌ಗಳಿಗೆ ಹೇಳುವವರು. ಆಕಾಶದ ಟ್ರಾಫಿಕ್ ಪೊಲೀಸರು. ಅಂಥವರಿಗೆ ನಾನು ಒತ್ತಡದ ಬಗ್ಗೆ ಹೇಳಬೇಕಿತ್ತು. (ನಮ್ಮ ಮೈಸೂರಿನ ಹಿನಕಲ್ ಜಂಕ್ಷನ್‌ನಲ್ಲಿ ಸ್ಕೂಟರ್ ದಾಟಿಸಲು ನನಗೆ ಬೆವರು ಬರುತ್ತದೆ. ಈ ವಿಷಯದಲ್ಲಿ ನನ್ನ ಅರ್ಹತೆ ಅಷ್ಟೇ.) ಆದರೂ ಒಪ್ಪಿಕೊಂಡೆ. ಭಾಷಣಕ್ಕೆ ಕರೆದರೆ ಬೇಡ ಎನ್ನುವ ಅಭ್ಯಾಸ ನಮ್ಮಂಥವರಿಗೆ ಎಲ್ಲಿದೆ?

ಹೋಟೆಲಿನ ಹಾಲ್‌ಗೆ ಹೋದೆ. ವೇದಿಕೆಯ ಹಿಂದೆ 'ನಗುತ್ತಾ ದುಡಿಯೋಣ' ಎಂಬ ಬ್ಯಾನರ್. ಎದುರಿಗೆ ಕುಳಿತವರು ಒಬ್ಬರೂ ನಗುತ್ತಿರಲಿಲ್ಲ. ಎಲ್ಲರ ಎದೆಯ ಮೇಲೂ ಕಪ್ಪು ಪಟ್ಟಿ.

ಪಾಪ, ಯಾರೋ ಸಹೋದ್ಯೋಗಿ ತೀರಿಕೊಂಡಿದ್ದಾರೆ ಎಂದುಕೊಂಡೆ. ಇಂಥ ದಿನ ನನ್ನನ್ನು ನಗಿಸಲು ಕರೆಸಿದ್ದಾರಲ್ಲ! ಮೈಕ್ ಹಿಡಿದವನೇ ಗಂಭೀರವಾಗಿ ಹೇಳಿದೆ: 'ನಮ್ಮನ್ನು ಅಗಲಿದ ನಿಮ್ಮ ಗೆಳೆಯರ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷ ಮೌನ ಆಚರಿಸೋಣ.'

ಎಲ್ಲರೂ ಎದ್ದು ನಿಂತರು. ಶ್ರೀಧರ್ ಕೂಡ. (ನಮ್ಮಲ್ಲಿ 'ಎದ್ದು ನಿಲ್ಲಿ' ಎಂದರೆ ಮೊದಲು ಏಳುತ್ತಾರೆ. ಯಾಕೆ ಎಂದು ಕೇಳುವುದು ಆಮೇಲೆ.)

ಕುಳಿತ ಮೇಲೆ ಎರಡನೇ ಸಾಲಿನಿಂದ ಒಬ್ಬ ಹೆಣ್ಣುಮಗಳು ಕೈ ಎತ್ತಿದಳು. 'ಸಾರ್, ಯಾರೂ ಸತ್ತಿಲ್ಲ. ಇದು ಪ್ರತಿಭಟನೆ. ನಮ್ಮ ಸಂಬಳದ ಒಪ್ಪಂದ ಮುಗಿದೋಗಿದೆ. ಹೊಸದಕ್ಕೆ ಮ್ಯಾನೇಜ್‌ಮೆಂಟ್ ಜೊತೆ ಮಾತುಕತೆ ನಡೀತಿದೆ. ನಡೀತಿದೆ ಅಂದ್ರೆ, ನಿಂತೋಗಿದೆ.'

'ಹಂಗಾದ್ರೆ ನೀವೆಲ್ಲ ಯಾಕಮ್ಮ ಎದ್ದು ನಿಂತ್ರಿ?'

'ಮಾತುಕತೆಗೇ ಶ್ರದ್ಧಾಂಜಲಿ ಇರ್ಬೋದು ಅಂದ್ಕೊಂಡ್ವಿ ಸಾರ್.'

ಹಾಲ್ ನಕ್ಕಿತು. ಅವತ್ತಿನ ನಗೆ ಭಾಷಣದಲ್ಲಿ ಜನ ನಕ್ಕಿದ್ದು ಅದೊಂದಕ್ಕೇ. ಅದೂ ನನ್ನ ಜೋಕ್ ಅಲ್ಲ. ನಾನು ತಯಾರಿ ಮಾಡಿಕೊಂಡು ಹೋಗಿದ್ದ ಗಂಡ-ಹೆಂಡತಿ ಜೋಕುಗಳನ್ನು ಅವರು, ರನ್‌ವೇ ಖಾಲಿ ಇಲ್ಲದಾಗ ಬಂದ ವಿಮಾನಗಳಂತೆ, ಮೇಲೆಯೇ ಸುತ್ತಲು ಬಿಟ್ಟರು.

ಟೀ ಬ್ರೇಕ್ ಬಂತು. ಅದೇ ಹೆಣ್ಣುಮಗಳು ಮದ್ದೂರು ವಡೆಯ ಪ್ಲೇಟ್ ಹಿಡಿದು ಹತ್ತಿರ ಬಂದಳು. 'ಬೇಜಾರ್ ಮಾಡ್ಕೋಬೇಡಿ ಸಾರ್. ತಪ್ಪು ನಿಮ್ಮದಲ್ಲ.' ಹೆಸರು ಭವ್ಯಾ. ನಮ್ಮ ಹಿನಕಲ್‌ನವಳೇ. ಅಪ್ಪ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ, ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಇವಳು ಬೇರೊಂದು ಊರಿನ ಟವರ್‌ನಲ್ಲಿ ಕೆಲಸಕ್ಕಿದ್ದಾಳೆ.

'ಎಷ್ಟು ಕೇಳ್ತಿದೀರಮ್ಮ ಸಂಬಳ?' ಎಂದೆ. ಹೊರಗಿನವರು ಮೊದಲು ಕೇಳುವುದು ಅದನ್ನೇ.

'ದುಡ್ಡಿನ್ ವಿಷ್ಯ ಬುಡಿ ಸಾರ್. ಇವತ್ತಲ್ಲ ನಾಳೆ ಅದೇನೋ ಒಂದು ಆಯ್ತದೆ. ನಮ್ಮ ಹೊಟ್ಟೆ ಉರೀತಿರೋದೇ ಬೇರೆ.' ಹಾಗೆಂದು ನಡೆದದ್ದನ್ನು ಹೇಳಿದಳು.

ಮಳೆಗಾಲದ ಒಂದು ಮಧ್ಯಾಹ್ನ. ಗುಡುಗು, ಮೋಡ. ವಿಮಾನಗಳೆಲ್ಲ ಒಟ್ಟಿಗೇ ಬಂದು ಮೇಲೆ ಕಾಯುತ್ತಿದ್ದವು. ಕಂಟ್ರೋಲರ್‌ಗಳು ಒಂದೇ ಸಮನೆ ಕೂರುವಂತಿಲ್ಲ. ಇಷ್ಟು ಹೊತ್ತು ಕೆಲಸ, ಆಮೇಲೆ ಕಡ್ಡಾಯ ವಿಶ್ರಾಂತಿ ಎಂದು ನಿಯಮವಿದೆ. ಅವತ್ತು ಇವಳ ಜಾಗಕ್ಕೆ ಕೂರಬೇಕಾದವರು ಬರಲಿಲ್ಲ. ಬರಲು ಜನವೇ ಇರಲಿಲ್ಲ. ಕುರ್ಚಿ ಬಿಟ್ಟು ಎದ್ದು ಹೋಗುವುದಾದರೂ ಹೇಗೆ? ಕುಳಿತೇ ಇದ್ದಳು. ದಣಿದು ದಣಿದು, ಒಂದು ವಿಮಾನಕ್ಕೆ ಹೇಳಬೇಕಾದ ಮಾತನ್ನು ಇನ್ನೊಂದರ ನಂಬರ್ ಕರೆದು ಹೇಳಿಬಿಟ್ಟಳು.

ಆ ಪೈಲಟ್ ಚುರುಕಿದ್ದ. 'ಮೇಡಂ, ಇದು ನಮಗೆ ಹೇಳಿದ್ದಾ?' ಎಂದು ಕೇಳಿದ. ಅವಳು ಅಲ್ಲೇ ತಿದ್ದಿದಳು. ಏನೂ ಆಗಲಿಲ್ಲ. ಎಲ್ಲರೂ ಇಳಿದು, ಟ್ಯಾಕ್ಸಿಯವನ ಜೊತೆ ಜಗಳವಾಡಿ ಮನೆಗೆ ಹೋದರು.

'ಆಮೇಲೆ?'

'ನಾನೇ ರಿಪೋರ್ಟ್ ಬರ್ಕೊಟ್ಟೆ ಸಾರ್. ಹಿಂಗಿಂಗಾಯ್ತು, ರಿಲೀವ್ ಮಾಡೋರು ಇರ್ಲಿಲ್ಲ ಅಂತ. ತಪ್ಪಾದ್ರೆ ಹೆದರ್ದೆ ಹೇಳಿ, ಶಿಕ್ಷೆ ಇಲ್ಲ, ಎಲ್ಲಾರೂ ಕಲೀಬೋದು ಅಂತ ಇವ್ರೇ ಗೋಡೆ ಮ್ಯಾಲೆ ಪೋಸ್ಟರ್ ಅಂಟ್ಸವ್ರೆ.'

ಸಿಕ್ಕಿದ್ದು ಮೆಮೋ. ಕೆಲಸದಲ್ಲಿ ಗಮನದ ಕೊರತೆ ಎಂದು. ಅಷ್ಟಾದರೆ ನುಂಗಿಕೊಳ್ಳುತ್ತಿದ್ದಳೇನೋ. ಮುಂದಿನ ಸಂಬಳದ ಮಾತುಕತೆಯಲ್ಲಿ ಆಡಳಿತದವರು ಅದೇ ರಿಪೋರ್ಟನ್ನು ಮೇಜಿನ ಮೇಲಿಟ್ಟರಂತೆ. 'ನಿಮ್ಮವರೇ ತಪ್ಪು ಒಪ್ಕೊಂಡಿದಾರೆ. ಕೂತ್ಕೊಂಡು ಮಾತಾಡೋದ್ರಲ್ಲೂ ತಪ್ಪು ಮಾಡೋರಿಗೆ ಏರಿಕೆ ಬೇರೆ ಕೇಡು' ಎಂದರಂತೆ. ಕಂಟ್ರೋಲರ್‌ಗಳ ಪ್ರತಿನಿಧಿಗಳು ಎದ್ದು ಹೊರಗೆ ಬಂದರು. ಮಾತುಕತೆ ಮುರಿದದ್ದು ಅಲ್ಲಿ.

ಭವ್ಯಾಳನ್ನು ಒತ್ತಡ ನಿವಾರಣೆಗೆಂದು ಮೈಸೂರಿಗೆ ಕಳಿಸಿದರು. ಅಂದರೆ ನನ್ನ ಹತ್ತಿರ.

ಟೀ ಮುಗಿಯಿತು. ನಾನು ವೇದಿಕೆ ಹತ್ತಿ, 'ಉಳಿದ ಸಮಯ ಅವರದು' ಎಂದು ಮೈಕನ್ನು ಭವ್ಯಾಳ ಕೈಗೆ ಕೊಟ್ಟೆ. ಶ್ರೀಧರ್ ಓಡಿ ಬಂದು ಕಿವಿಯಲ್ಲಿ ಹೇಳಿದರು: 'ಸಾರ್, ಇದು ಪ್ರೋಗ್ರಾಂನಲ್ಲಿ ಇಲ್ಲ.'

'ಒತ್ತಡ ಇಳಿಸ್ಬೇಕು ತಾನೇ? ಅದು ನನ್ನ ಕೈಲಿಲ್ಲ ಕಣ್ರೀ, ನಿಮ್ಮ ಕೈಲಿದೆ' ಎಂದೆ.

ಭವ್ಯಾ ಕೂಗಾಡಲಿಲ್ಲ. ಶ್ರೀಧರರನ್ನೇ ನೋಡಿ ಕೇಳಿದಳು. 'ಸಾರ್, ಅವತ್ತು ನಾನು ಸುಮ್ನಿದ್ದಿದ್ರೆ ನಂಗೆ ಮೆಮೋ ಬರ್ತಿತ್ತಾ?'

ಉತ್ತರ ಎಲ್ಲರಿಗೂ ಗೊತ್ತಿತ್ತು.

ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ, ತಲೆ ನರೆತ ಕಂಟ್ರೋಲರ್ ಒಬ್ಬರು ಎದ್ದು ನಿಂತರು. 'ಆ ಮೆಮೋ ವಿಷಯ ಕೇಳಿದ ಮೇಲೆ ನನ್ನಿಂದಲೂ ಒಂದು ತಪ್ಪಾಯ್ತು. ಅದು ದೊಡ್ಡದಾಗಲಿಲ್ಲ. ನಾನು ಬರೆದು ಕೊಡಲಿಲ್ಲ. ನಿವೃತ್ತಿ ಹತ್ತಿರ ಇದೆ, ಯಾಕೆ ಬೇಕು ಅಂತ.'

ಶ್ರೀಧರ್ ನಿಧಾನಕ್ಕೆ ಕೇಳಿದರು. 'ಯಾವ ಏರ್‌ಪೋರ್ಟಲ್ಲಿ?'

'ಇವತ್ತು ಸಂಜೆ ನೀವು ಹೋಗಿ ಇಳೀತೀರಲ್ಲ ಸಾರ್, ಅಲ್ಲೇ.'

ಯಾರೂ ನಗಲಿಲ್ಲ. ಶ್ರೀಧರ್ ವೇದಿಕೆಯ ಅಂಚಿನಲ್ಲೇ ಕುಳಿತುಬಿಟ್ಟರು. ಮೈಕ್ ಇಲ್ಲದೆ ಹೇಳಿದರು: 'ಆ ಮೆಮೋ ಟೈಪ್ ಮಾಡ್ದೋನು ನಾನೇ. ಮೇಲಿಂದ ಹೇಳಿದ್ರು, ಮಾಡ್ದೆ.' ಆಮೇಲೆ ಹಿಂದಿನ ಸಾಲಿನ ಕಡೆ ತಿರುಗಿ, 'ನೀವು ಬರ್ದು ಕೊಡಿ. ನನ್ನ ಕೈಗೇ ಕೊಡಿ. ನಿಮಗೇನಾದ್ರೂ ಆದ್ರೆ ಮೊದ್ಲು ನಂಗಾಗ್ಲಿ' ಎಂದರು.

ಆ ಮಾತಿನಲ್ಲಿ ಎಷ್ಟು ಧೈರ್ಯ, ಎಷ್ಟು ಸಂಜೆಯ ಫ್ಲೈಟಿನ ಭಯ, ನನಗೆ ಗೊತ್ತಿಲ್ಲ. ಆದರೆ ಮನುಷ್ಯ ಮಾತು ಉಳಿಸಿಕೊಂಡ. ಮೊನ್ನೆ ಭವ್ಯಾ ಫೋನ್ ಮಾಡಿದ್ದಳು. ಮೆಮೋ ವಾಪಸ್ ಆಗಿದೆ. ರಿಪೋರ್ಟುಗಳನ್ನು ಸಂಬಳದ ಮಾತುಕತೆಗೆ ತರುವುದಿಲ್ಲ ಎಂದು ಶ್ರೀಧರ್ ಬರೆಸಿಕೊಂಡು ಬಂದಿದ್ದಾರಂತೆ. ಹಿರಿಯ ಕಂಟ್ರೋಲರ್ ತಮ್ಮ ತಪ್ಪನ್ನು ಬರೆದು ಕೊಟ್ಟಿದ್ದಾರೆ.

'ಮತ್ತೆ ಸಂಬಳ?'

'ಅದಕ್ಕೊಂದು ಕಮಿಟಿ ಮಾಡವ್ರೆ ಸಾರ್. ಕಮಿಟೀಲಿ ಯಾರ್‍ಯಾರು ಇರ್ಬೇಕು ಅಂತ ಹೇಳಕ್ಕೆ ಇನ್ನೊಂದು ಕಮಿಟಿ. ನಾವು ಕಪ್ಪು ಪಟ್ಟಿ ಇನ್ನೂ ತೆಗ್ದಿಲ್ಲ.'

ಸಂಸ್ಥೆಯಿಂದ ನನಗೂ ಒಂದು ಮೇಲ್ ಬಂತು. ಕಾರ್ಯಕ್ರಮ ಯಶಸ್ವಿ, ಭಾಗವಹಿಸಿದವರೆಲ್ಲ ನಿರಾಳರಾದರು ಎಂದು. ನಾನು ಆಗಿಲ್ಲ. ಮುಂದಿನ ತಿಂಗಳು ನನಗೂ ಒಂದು ವಿಮಾನ ಪ್ರಯಾಣವಿದೆ. ಸಂಬಳ ಎಷ್ಟು ಕೊಡಬೇಕು ಎಂದು ಹೇಳುವಷ್ಟು ಲೆಕ್ಕ ನನಗೆ ಬರುವುದಿಲ್ಲ. ಒಂದೇ ಅನುಮಾನ.

ತಪ್ಪಾಯಿತು ಎನ್ನಲು ಕೆಳಗಿರುವವರೇ ಹೆದರುತ್ತಿದ್ದರೆ, ಮೇಲಿರುವ ನಾವು ಸೀಟ್ ಬೆಲ್ಟ್ ಎಷ್ಟು ಬಿಗಿಯಾಗಿ ಕಟ್ಟಿಕೊಂಡರೇನು?