ದೋಹಾದಲ್ಲಿ ಕೂತು ಗೀಚಿದ ಸೈಕಲ್ ದಾರಿ

ಟಿಕ್ ಟಿಕ್ ಟಿಕ್ ಟಿಕ್. ಸೈಕಲನ್ನು ಕೈಯಲ್ಲಿ ತಳ್ಳಿಕೊಂಡು ಹೋಗುವಾಗ ಹಿಂದಿನ ಚಕ್ರ ಮಾಡುವ ಸದ್ದು. ನನಗದು ಕೇಳಿಸಿದ್ದು ಕತಾರಿನ ದೋಹಾ ಅಲ್ ಜದೀದಾ ಬಡಾವಣೆಯ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಎರಡು ಸಾವಿರದ ದಶಕದ ನಡುವಿನ ಮಾತು. ಗಂಡ ತೀರಿಕೊಂಡ ಮೇಲೆ ಮಂಗಳೂರಿನ ಮನೆಗೆ ಬೀಗ ಹಾಕಿ ಮಗಳ ಬಳಿಗೆ ಬಂದು ಹನ್ನೊಂದು ದಿನವಾಗಿತ್ತು. ಮಗಳು ಅಳಿಯ ಆಫೀಸಿಗೆ ಹೋದರೆ ಆ ಫ್ಲ್ಯಾಟಿನಲ್ಲಿ ಏಸಿಯ ಗುಂಯ್ ಬಿಟ್ಟು ಬೇರೆ ಸದ್ದಿಲ್ಲ. ಬಾಗಿಲು ತೆರೆದು ನೋಡಿದೆ. ತಲೆಗೆ ಹೂವಿನ ಸ್ಕಾರ್ಫ್ ಕಟ್ಟಿದ, ಐವತ್ತೈದು ದಾಟಿದ ಹೆಂಗಸೊಬ್ಬಳು ಲಿಫ್ಟಿನಿಂದ ಸೈಕಲ್ ಇಳಿಸಿ ಪಕ್ಕದ ಮನೆಗೆ ತಳ್ಳಿಕೊಂಡು ಹೋಗುತ್ತಿದ್ದಳು. ‘ಗುಡ್ ಮಾರ್ನಿಂಗ್’ ಎಂದಳು, ಏನೂ ವಿಶೇಷವಿಲ್ಲವೆಂಬಂತೆ.

ವಿಶೇಷವಿತ್ತು. ಈ ಊರಲ್ಲಿ ಸೈಕಲ್ ಮೇಲೆ ನಾನು ಕಂಡವರು ಕೂಲಿ ಕೆಲಸಕ್ಕೆ ಬಂದ ಗಂಡಸರು ಮಾತ್ರ. ಉಳಿದವರು ಎದುರಿನ ಅಂಗಡಿಗೂ ಕಾರಿನಲ್ಲೇ ಹೋಗುವವರು. ಮಂಗಳೂರಿನಲ್ಲಾದರೆ ಹಾಲಿಗೆ ಹೋಗಬೇಕಾದರೂ ಒಂದು ಗುಡ್ಡೆ ಹತ್ತಬೇಕು, ಒಂದು ಇಳಿಯಬೇಕು. ಇಲ್ಲಿ ಏರು ಎಂದರೆ ಫ್ಲೈಓವರ್. ಮೂವತ್ತು ವರ್ಷ ಹುಡುಗಿಯರಿಗೆ ಜಿಯಾಗ್ರಫಿ ಕಲಿಸಿದ ನನಗೆ ಈ ಸಪಾಟು ನೆಲ ಖಾಲಿ ಬ್ಲ್ಯಾಕ್‌ಬೋರ್ಡ್‌ನ ಹಾಗೆ ಕಾಣುತ್ತಿತ್ತು.

ಅವಳ ಹೆಸರು ಸೌಸನ್. ಟ್ಯುನೀಷಿಯಾದವಳು, ಇಪ್ಪತ್ನಾಲ್ಕು ವರ್ಷದಿಂದ ದೋಹಾದಲ್ಲಿ ಫ್ರೆಂಚ್ ಕಲಿಸುತ್ತಿದ್ದಳು. ನಾನು ಕೊಟ್ಟ ನೀರುದೋಸೆಗೆ ಆಲಿವ್ ಎಣ್ಣೆ ಸುರಿದು ತಿಂದು, ‘ಟೀಚರ್, ಇದಕ್ಕೆ ರುಚಿ ನಮ್ಮೂರಿನಿಂದ ಬರಬೇಕಾಯಿತು’ ಎಂದು ಕಿಚಾಯಿಸಿದಳು. ಆ ಬೇಸಿಗೆಗೆ ಕೆಲಸ ಬಿಟ್ಟು ಊರಿಗೆ ಹೋಗುವವಳಿದ್ದಳು. ಹೋದ ಮೊದಲ ವಾರವೇ ಸೈಕಲ್ಲಿನಲ್ಲಿ ಊರ ಸುತ್ತ ಒಂದು ಲೂಪ್ ಹೊಡೆಯಬೇಕು ಎಂಬುದು ಅವಳ ಹಟ. ಗೋಧಿ ಹೊಲ, ಆಲಿವ್ ತೋಟ, ಮೇಲೆ ಬಿರಡೆ ಮರದ ಕಾಡು, ಮತ್ತೆ ಮನೆ. ಸೀಸೆಗೆ ಹಾಕುವ ಬಿರಡೆ ಆ ಮರದ ತೊಗಟೆಯಂತೆ. ಸುಲಿದ ಕಾಂಡ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದಂತೆ.

‘ಈ ವಯಸ್ಸಿಗೆ ಸೈಕಲ್ಲಾ, ಊರವರು ನಗುತ್ತಾರೆ, ಸುಮ್ಮನೆ ಬಂದು ಮನೆಯಲ್ಲಿ ಕೂತುಕೋ ಅನ್ನುತ್ತಾನೆ ನನ್ನ ತಮ್ಮ’ ಎಂದಳು ಒಂದು ದಿನ. ‘ಕೂತರೆ ಮುಗಿಯಿತು, ಟೀಚರ್. ತಮ್ಮನ ಹೆಂಡತಿಯ ಸೋಫಾದ ಮೇಲೆ ಕತಾರಿನಿಂದ ಬಂದ ಗೆಸ್ಟ್ ಆಗಿಯೇ ಸಾಯುತ್ತೇನೆ.’

ಅವಳ ಬಳಿ ತನ್ನೂರಿನದೇ, ಫ್ರೆಂಚರು ಆಳುತ್ತಿದ್ದ ಕಾಲದ ಹಳೆಯ ಸರ್ವೇ ನಕ್ಷೆಯೊಂದಿತ್ತು, ಆದರೆ ನಕ್ಷೆ ಓದಲು ಅವಳಿಗೆ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಡೈನಿಂಗ್ ಟೇಬಲ್ ಮೇಲೆ ಹರಡಿ, ಹೊಲಿಗೆ ದಾರ ಒದ್ದೆ ಮಾಡಿ ರಸ್ತೆಯ ತಿರುವುಗಳ ಮೇಲೆ ಅಂಟಿಸಿ, ಆಮೇಲೆ ನೆಟ್ಟಗೆ ಎಳೆದು ಸ್ಕೇಲಿನಲ್ಲಿ ಅಳೆದೆವು: ನಲವತ್ತಾರು ಕಿಲೋಮೀಟರ್. ಎತ್ತರ ತೋರಿಸುವ ಕಾಂಟೂರ್ ಗೆರೆಗಳು ಹತ್ತಿರ ಹತ್ತಿರ ಬಂದರೆ ಕಡಿದಾದ ಏರು ಎಂದು ತೋರಿಸಿಕೊಟ್ಟೆ. ಅವಳ ಮೊಣಕಾಲಿಗೆ ಅಂಥ ಏರು ಬೇಡವೆಂದು ಅದು ಇಳಿಜಾರಾಗಿ ಬರುವಂತೆ ಲೂಪಿನ ದಿಕ್ಕು ಕೂರಿಸಿದೆ. ನೀರು ಸಿಗುವ ಜಾಗಕ್ಕೆ ಗುರುತು ಹಾಕಿದೆ. ಎಷ್ಟೋ ವರ್ಷಗಳ ಮೇಲೆ ನನ್ನಿಂದ ಯಾರಿಗೋ ಉಪಯೋಗವಾಗುತ್ತಿತ್ತು. ಮಧ್ಯಾಹ್ನ ಬೇಗ ಬರುತ್ತಿತ್ತು.

‘ಎಂತ ಅಮ್ಮ, ಊಟದ ಟೇಬಲ್ ಪೂರ್ತಿ ಆಫ್ರಿಕಾ ಮಾಡಿಟ್ಟಿದ್ದೀರಲ್ಲ’ ಎಂದು ಮಗಳು ಗೊಣಗಿದರೂ ಅವಳಿಗೆ ಖುಷಿಯಾಗಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಟ್ರಯಲ್. ಅಲ್ ಶಮಾಲ್ ಕಡೆಯ ಖಾಲಿ ರಸ್ತೆಗಳಲ್ಲಿ ಅದೇ ಲೂಪಿನ ಸಣ್ಣ ನಕಲು ಗೀಚಿದ್ದೆ. ಮುಂದೆ ಸೌಸನ್, ಹಿಂದೆ ಅಳಿಯ ದಿನೇಶನ ಕಾರು, ಅದರಲ್ಲಿ ನಾನು, ಮಡಿಲಲ್ಲಿ ನಕ್ಷೆ. ಎರಡು ತಿರುವು ಸಲೀಸಾಗಿ ಕಳೆಯಿತು. ಮೂರನೆಯದರಲ್ಲಿ ಅವಳು ಎಡಕ್ಕೆ ಹೊರಳುತ್ತಿದ್ದಾಗ ಎದುರಿನಿಂದ ಪಿಕಪ್ ಒಂದು ಹಾರ್ನ್ ಒತ್ತುತ್ತಾ ಬಂತು. ಸೈಕಲ್ ಸಮೇತ ಮರಳಿಗೆ ಹಾರಿದಳು.

ಮೊಣಕಾಲು ತರಚಿತ್ತು, ಅಷ್ಟೇ. ಆದರೆ ಮುಖ ಬಿಳುಚಿತ್ತು. ‘ಖಲಾಸ್, ಟೀಚರ್’ ಎಂದಳು. ಮುಗಿಯಿತು ಎಂದರ್ಥ. ‘ತಮ್ಮ ಹೇಳಿದ್ದೇ ಸರಿ.’

ದಿನೇಶ ನನ್ನ ಕೈಯ ನಕ್ಷೆ ತೆಗೆದುಕೊಂಡು ನೋಡಿದ. ‘ಮಾಮಿ, ಎಲ್ಲ ತಿರುವೂ ಎಡಕ್ಕೇ ಉಂಟಲ್ಲ?’

‘ಮತ್ತೆ? ಎಡಕ್ಕೆ ತಿರುಗುವುದೇ ಸೇಫ್. ರಸ್ತೆ ಕ್ರಾಸ್ ಮಾಡ್ಲಿಕ್ಕಿಲ್ಲ.’

‘ಅದು ಊರಲ್ಲಿ ಮಾಮಿ. ಇಲ್ಲಿ ಗಾಡಿ ಹೋಗುವುದು ಬಲಗಡೆ. ಅವರ ಊರಲ್ಲಿಯೂ ಹಾಗೇ ಅಲ್ವಾ?’

ತಿಂಗಳುಗಟ್ಟಲೆ ಬಲಗಡೆ ಓಡುವ ಕಾರುಗಳಲ್ಲಿ ಕೂತಿದ್ದೆ, ಬಾಲ್ಕನಿಯಿಂದ ಬಲಗಡೆ ಓಡುವ ಟ್ರಾಫಿಕ್ ನೋಡಿದ್ದೆ. ಆದರೂ ಪೆನ್ಸಿಲ್ ಹಿಡಿದಾಗ ನನ್ನ ಕೈ ಇದ್ದದ್ದು ಮಂಗಳೂರಿನಲ್ಲಿ. ತಪ್ಪು ನನ್ನದು, ನಿನ್ನ ವಯಸ್ಸಿನದಲ್ಲ ಎಂದು ಸೌಸನ್‌ಗೆ ಮರಳಿನಲ್ಲೇ ಪಕ್ಕ ಕೂತು ಹೇಳಿದೆ.

‘ಅಂದರೆ ಮೂರು ವಾರದಿಂದ ನೀವು ನನ್ನನ್ನು ಓಡಿಸುತ್ತಿದ್ದದ್ದು ಇಂಡಿಯಾದಲ್ಲಿ?’

ಆಮೇಲೆ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ‘ಯಲ್ಲಾ, ನಡೆಯಿರಿ. ಮನೆಗೆ ಹೋಗಿ ತಿರುಗಿಸಿ.’

ತಿರುಗಿಸುವುದು ಸುಲಭವಿರಲಿಲ್ಲ. ಲೂಪನ್ನು ಹಿಂದುಮುಂದು ಮಾಡಿದರೆ ತಿರುವುಗಳೆಲ್ಲ ಬಲಕ್ಕೆ ಬರುತ್ತವೆ, ಆದರೆ ಆ ಕಡಿದಾದ ಇಳಿಜಾರು ಏರಾಗುತ್ತದೆ. ನಾಲ್ಕು ದಿನ ಭೂತಗನ್ನಡಿ ಹಿಡಿದು ಹುಡುಕಿದೆ. ಕೊನೆಗೆ ನಕ್ಷೆಯ ಮೂಲೆಯ ಒಂದು ಅಣೆಕಟ್ಟಿನ ಹಿಂದೆ ಕಿರುರಸ್ತೆಯೊಂದು ಸಿಕ್ಕಿತು. ಗೆರೆಗಳು ದೂರ ದೂರ, ಎರಡೂ ಕಡೆ ಕಾಡು, ನಿಧಾನವಾದ ಏರು. ಆರು ಕಿಲೋಮೀಟರ್ ಹೆಚ್ಚು: ಒಟ್ಟು ಐವತ್ತೆರಡು.

ಆ ಬೇಸಿಗೆಯ ಕೊನೆಗೆ ಮಗಳ ಇಮೇಲಿಗೆ ಅವಳ ಪತ್ರ ಬಂತು. ಐವತ್ತೆರಡನ್ನೂ ಮುಗಿಸಿದ್ದಳು, ಕಾಡಿನಲ್ಲಿ ಎರಡು ಸಲ ಇಳಿದು ತಳ್ಳಿದ್ದಳು. ತಮ್ಮ ಹಿಂದಿನಿಂದ ಟ್ರಕ್ ಓಡಿಸಿಕೊಂಡು ಬಂದನಂತೆ; ಕೊನೆಯಲ್ಲಿ ‘ನನಗೂ ಒಂದು ರೌಂಡ್ ಕೊಡು’ ಎಂದನಂತೆ. ಕೊಡಲಿಲ್ಲವಂತೆ.

ನಾನು ಮಾತ್ರ ಅವಳನ್ನು ಮತ್ತೆ ನೋಡಲಿಲ್ಲ. ಕೊನೆಯ ಸಲ ನೋಡಿದ್ದು ದೋಹಾದ ಏರ್‌ಪೋರ್ಟಿನಲ್ಲಿ, ಅವಳು ಹೊರಟ ದಿನ. ಆ ಬೆಳಿಗ್ಗೆ ನನಗೆ ಧೈರ್ಯ ಸಾಲದೆ ನಕ್ಷೆಯಲ್ಲಿ ಕೆಂಪು ಶಾಯಿಯ ಒಂದು ಗೆರೆ ಸೇರಿಸಿದ್ದೆ: ಕಾಡಿಗೆ ಮುಂಚೆ, ಮೊಣಕಾಲು ಕೈಕೊಟ್ಟರೆ ನೇರವಾಗಿ ಮನೆಗೆ ಹೋಗುವ ಅಡ್ಡದಾರಿ. ಬಿಚ್ಚಿದ ಸೈಕಲ್ ತುಂಬಿದ ರಟ್ಟಿನ ಪೆಟ್ಟಿಗೆಯ ಮೇಲೆ ನಕ್ಷೆ ಬಿಡಿಸಿ ತೋರಿಸಿದೆ.

‘ಪೆನ್ ಕೊಡಿ’ ಎಂದಳು. ಕೊಟ್ಟೆ. ಕೆಂಪು ಗೆರೆಯನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದಳು. ‘ಇದ್ದರೆ ಅದರಲ್ಲೇ ಹೋಗುತ್ತೇನೆ, ಟೀಚರ್. ನನ್ನನ್ನು ನನಗೆ ಗೊತ್ತು.’

ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಮಂಗಳೂರಿಗೆ ಮರಳುವ ಟಿಕೆಟ್ ಇತ್ತು, ತಾರೀಖು ಹಾಕಿಸದೆ ಇಟ್ಟುಕೊಂಡದ್ದು. ಯಾವಾಗ ಬೇಕಾದರೂ ಹೋಗಬಹುದು ಎಂಬ ನೆಮ್ಮದಿಯಲ್ಲೇ ನಾನು ಇಲ್ಲಿ ಉಳಿದಿದ್ದೆ. ಅವಳು ಪೆನ್ ವಾಪಸು ಕೊಟ್ಟು, ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಪೆಟ್ಟಿಗೆಯನ್ನು ಟ್ರಾಲಿಯಲ್ಲಿ ಅಡ್ಡಡ್ಡ ಇಟ್ಟುಕೊಂಡು ಹೊರಟಳು. ಸಾಲಿನಲ್ಲಿದ್ದವರೆಲ್ಲ ಸರಿದು ದಾರಿ ಬಿಡಬೇಕಾಯಿತು. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.